ದಿನದ ದರವನ್ನು ಪ್ರೋಗ್ರಾಂಗೆ ಹೊರಗಿನಿಂದ ಕೊಡುವುದು ಹೇಗೆ?

ಉಡುಪಿ ಸಮೀಪದ ಶಂಕರಪುರದ ಮಲ್ಲಿಗೆಯ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮದುವೆ, ಹಬ್ಬಗಳು ಒಟ್ಟಾಗಿ ಬಂದಾಗ ಒಮ್ಮೆಲೇ ಏರುವುದೂ ಉಂಟು. ಕಟ್ಟಿದ ಹೂವನ್ನು ಚೆಂಡಿನ ಲೆಕ್ಕದಲ್ಲಿ ಎಣಿಸುತ್ತಾರೆ, ದರ ಹೇಳುವುದು ಅಟ್ಟೆಗೆ; ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಮಾತ್ರ ಹಾಗೆಯೇ ಇರುತ್ತದೆ. ಆದ್ದರಿಂದ ಹೂವಿನ ಮೊತ್ತ ಹೇಳುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆಯುವವರು ನಾಲ್ಕು ಎಂಬ ಸಂಖ್ಯೆಯನ್ನು ಅದರೊಳಗೇ ಬರೆದಿಡಬಹುದು. ದರವನ್ನೂ ಅಲ್ಲೇ ಬರೆದರೆ ದಿನಾ ಫೈಲ್ ತೆರೆದು ತಿದ್ದುವ ಕೆಲಸ ತಪ್ಪದು. ಅದಕ್ಕೆ ದರವನ್ನು ಹೊರಗಿನಿಂದ ಕೊಡುವುದೇ ಲೇಸು. ಪ್ರೋಗ್ರಾಂ ಓಡಿಸುವ ಕಮಾಂಡಿನ ಬಳಿಕ ಅದೇ ಸಾಲಿನಲ್ಲಿ ಬರೆದು ಕೊಡುವ ಇಂಥ ಮೌಲ್ಯಗಳನ್ನು ಕಮಾಂಡ್ ಲೈನ್ ಆರ್ಗ್ಯುಮೆಂಟ್ ಎನ್ನುತ್ತಾರೆ.

ಟರ್ಮಿನಲ್‌ನಲ್ಲಿ ‘ಪೈಥಾನ್3 ಮಲ್ಲಿಗೆ.ಪಿವೈ 6 1200’ ಎಂದು ಬರೆದೆವು ಎಂದಿಟ್ಟುಕೊಳ್ಳೋಣ. ಆರು ಚೆಂಡು, ಅಟ್ಟೆಗೆ 1200 ರೂಪಾಯಿ ಎಂಬುದು ಇದರ ಅರ್ಥ. ಮೊದಲು ಪ್ರೋಗ್ರಾಂನಲ್ಲಿ ‘ಸಿಸ್’ ಮಾಡ್ಯೂಲನ್ನು ಇಂಪೋರ್ಟ್ ಮಾಡಿಕೊಳ್ಳಬೇಕು. ಅದರ ‘ಆರ್ಗ್‌ವಿ’ ಎಂಬ ಪಟ್ಟಿಯಲ್ಲಿ ಸೊನ್ನೆಯ ಸ್ಥಾನದಲ್ಲಿ ಪ್ರೋಗ್ರಾಂನ ಹೆಸರು, ಒಂದನೆಯದರಲ್ಲಿ 6, ಎರಡನೆಯದರಲ್ಲಿ 1200 ಇರುತ್ತವೆ.

ಬಳಸುವ ಮುನ್ನ ಪಟ್ಟಿಯ ಉದ್ದವನ್ನು ‘ಲೆನ್’ ಮೂಲಕ ನೋಡಬೇಕು. ಅದು ಮೂರಲ್ಲದಿದ್ದರೆ, ಏನನ್ನು ಯಾವ ಕ್ರಮದಲ್ಲಿ ಕೊಡಬೇಕೆಂದು ಒಂದು ಸಾಲಿನಲ್ಲಿ ತಿಳಿಸಿ, ‘ಸಿಸ್.ಎಕ್ಸಿಟ್’ಗೆ ಸೊನ್ನೆಯಲ್ಲದ ಸಂಖ್ಯೆ ಕೊಟ್ಟು ನಿಲ್ಲಿಸಬೇಕು. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಇಲ್ಲವಾದರೆ ದರ ಬರೆಯಲು ಮರೆತವರಿಗೆ ‘ಇಂಡೆಕ್ಸ್ ಎರರ್’ ಎಂಬ ಅರ್ಥವಾಗದ ಸಂದೇಶವೊಂದೇ ಗತಿ.

ಹೆಚ್ಚು ಎಚ್ಚರ ಬೇಕಾದದ್ದು ಮುಂದಿನ ಹಂತದಲ್ಲಿ. ಬಂದದ್ದು ಅಂಕಿಯಂತೆ ಕಂಡರೂ ಪೈಥಾನ್‌ಗೆ ಅದು ಬರೀ ಅಕ್ಷರಗಳ ಸಾಲು. ಎರಡು ಆರುಗಳನ್ನು ಹಾಗೆಯೇ ಕೂಡಿಸಿದರೆ 12 ಬಾರದೆ 66 ಬರುತ್ತದೆ. ಆದ್ದರಿಂದ ಚೆಂಡಿನ ಸಂಖ್ಯೆಯನ್ನು ‘ಇಂಟ್’ನಿಂದಲೂ ದರವನ್ನು ‘ಫ್ಲೋಟ್’ನಿಂದಲೂ ಸಂಖ್ಯೆಯಾಗಿಸಿ, ಗುಣಿಸಿ, ನಾಲ್ಕರಿಂದ ಭಾಗಿಸಬೇಕು, ಉತ್ತರ 1800 ರೂಪಾಯಿ. ಕನ್ನಡ ಅಂಕಿಗಳಲ್ಲಿ ೧೨೦೦ ಎಂದು ಕೊಟ್ಟರೂ ಇವು ಸರಿಯಾಗಿಯೇ ಓದುತ್ತವೆ ಎಂಬುದು ನಮಗೆ ಸಂತಸದ ಸಂಗತಿ. ಆದರೆ 1,200 ಎಂದು ನಡುವೆ ಅಲ್ಪವಿರಾಮ ಹಾಕಿದರೆ ‘ವ್ಯಾಲ್ಯೂ ಎರರ್’ ಬರುತ್ತದೆ. ಅದನ್ನು ‘ಟ್ರೈ’ ಮತ್ತು ‘ಎಕ್ಸೆಪ್ಟ್’ ಬಳಸಿ ಹಿಡಿದು, ಅಲ್ಪವಿರಾಮವಿಲ್ಲದೆ ಬರೆಯುವಂತೆ ತಿಳಿಸಬೇಕು. ಸೊನ್ನೆಗಿಂತ ಕಡಿಮೆಯ ಸಂಖ್ಯೆಯನ್ನೂ ಇಲ್ಲಿಯೇ ತಡೆಯುವುದು ಒಳ್ಳೆಯದು.

ಗಿರಾಕಿಯ ಹೆಸರನ್ನೂ ಸೇರಿಸುವುದಾದರೆ ಪಟ್ಟಿಯ ಉದ್ದ ನಾಲ್ಕಾಗುತ್ತದೆ. ಹೆಸರಿನ ನಡುವೆ ಜಾಗವಿದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಗಳ ಒಳಗೆ ಬರೆಯಬೇಕು, ಏಕೆಂದರೆ ಜಾಗ ಕಂಡಲ್ಲೆಲ್ಲ ಶೆಲ್ (ಟರ್ಮಿನಲ್‌ನಲ್ಲಿ ಬರೆದ ಕಮಾಂಡನ್ನು ಓದುವ ಪ್ರೋಗ್ರಾಂ) ಅದನ್ನು ಬೇರೆ ಬೇರೆ ಆರ್ಗ್ಯುಮೆಂಟುಗಳಾಗಿ ಒಡೆಯುತ್ತದೆ.

ಆರ್ಗ್ಯುಮೆಂಟುಗಳು ಇನ್ನೂ ಹೆಚ್ಚಿದಾಗ ಪೈಥಾನ್‌ನೊಂದಿಗೇ ಬರುವ ‘ಆರ್ಗ್‌ಪಾರ್ಸ್’ ಮಾಡ್ಯೂಲನ್ನು ಬಳಸುವುದೇ ಸೂಕ್ತ. ಎಣಿಕೆಯ ಪರೀಕ್ಷೆ, ಸಂಖ್ಯೆಯಾಗಿಸುವ ಕೆಲಸ, ‘ಹೆಲ್ಪ್’ ಎಂದು ಕೇಳಿದಾಗ ತೋರಿಸುವ ವಿವರಣೆ ಇವೆಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ದರ ಸೊನ್ನೆಗಿಂತ ಕಡಿಮೆಯಾಗಿರಬಾರದು ಎಂಬಂಥ ನಿಯಮವನ್ನು ಮಾತ್ರ ನಾವೇ ಬರೆಯಬೇಕು.