ಇಪ್ಪತ್ತರಲ್ಲಿ ಬಿಟ್ಟ ದಪ್ಪ ಪುಸ್ತಕಾನ ನಲವತ್ತೈದರಲ್ಲಿ ಮತ್ತೆ ಹಿಡಿಯೋದು ಹೇಗೆ

ನಿಮ್ಮನೇಲೂ ಒಂದು ಇರುತ್ತೆ. ಅರವತ್ತನೇ ಪುಟದ ಹತ್ರ ಹಳೇ ಬಸ್ ಟಿಕೆಟ್ ಸಿಕ್ಕಿಸಿಟ್ಟು ಬಿಟ್ಟಿರೋ ಪುಸ್ತಕ, ಟಿಕೆಟ್ ಮೇಲಿನ ಇಂಕು ಅಳಿಸಿಹೋಗಿದೆ, ಪುಸ್ತಕ ಮಾತ್ರ ಮೂರು ಬಾಡಿಗೆ ಮನೆ ದಾಟಿ ಬಂದಿದೆ. ನನ್ನದು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು. ಡಿಗ್ರಿ ಎರಡನೇ ವರ್ಷದಲ್ಲಿ ಹಾಸ್ಟೆಲಲ್ಲಿ ಶುರು ಮಾಡಿದ್ದೆ, ಗುತ್ತಿ ಅನ್ನೋ ಜೀತದಾಳು ನಡೀತಾನೆ, ನಾಯಿ ಹಿಂದೆ ಬರುತ್ತೆ, ಮತ್ತೆ ನಡೀತಾನೆ, ಕಾಡು ಮುಗಿಯಲ್ಲ, ಕತೆ ಎಲ್ಲಿ ಸ್ವಾಮಿ ಅಂತ ಮುಚ್ಚಿಟ್ಟೆ. ನಲವತ್ನಾಲ್ಕರಲ್ಲಿ ಮತ್ತೆ ತೆಗೆದಾಗ ಅದೇ ನಡಿಗೆ ಮುಗಿಯೋದೇ ಬೇಡ ಅನ್ನಿಸ್ತು. ಈ ಮಧ್ಯೆ ನಾನು ಸರಿಯಾಗಿ ಓದಿಸಿಕೊಂಡ ಮತ್ತು ಓದಿಸಿಕೊಳ್ಳದ ಪುಸ್ತಕಗಳಿಂದ ಕಲಿತಿದ್ದನ್ನ ಇಲ್ಲಿ ಹಾಕ್ತಿದೀನಿ, ಯಾರಿಗಾದ್ರೂ ಉಪಯೋಗ ಆದ್ರೆ ಆಗಲಿ.

ಮೊದಲು ಯಾವ ಪುಸ್ತಕ ತೆಗೀಬೇಕು ಅನ್ನೋದು. ಇಲ್ಲೇ ಸುಮಾರು ಜನ ತಪ್ಪು ಮಾಡೋದು, ಆಗ ಯಾವುದನ್ನ ಓದಿ ಖುಷಿ ಪಟ್ಟಿದ್ರೋ ಅಂಥದ್ದನ್ನೇ ಮತ್ತೆ ಹುಡುಕ್ತಾರೆ. ಆದ್ರೆ ಇಪ್ಪತ್ತರಲ್ಲಿ ಕಷ್ಟ ಅಂದ್ರೆ ವಿಚಾರದ ಕಷ್ಟ, ಕವಿ ಗೋಪಾಲಕೃಷ್ಣ ಅಡಿಗರ ಒಂದು ಸಾಲು ಅರ್ಥ ಆಗದೇ ಇದ್ರೆ ಅದೇ ಒಂದು ಗಮ್ಮತ್ತು, ರಾತ್ರಿ ಎರಡು ಗಂಟೆ ತನಕ ಅದರ ಮೇಲೆ ಜಗಳ ಆಡಬಹುದಿತ್ತು. ನಿಧಾನ ಇದ್ರೆ ಮಾತ್ರ ಆಗ್ತಿರಲಿಲ್ಲ. ಈಗ ಉಲ್ಟಾ, ನಿಧಾನ ಪರವಾಗಿಲ್ಲ, ಸುಮ್ಮಸುಮ್ಮನೆ ಒಗಟು ಹಾಕಿದ್ರೆ ಸಿಟ್ಟು ಬರುತ್ತೆ. ಅದಕ್ಕೇ ಹೇಳೋದು, ವಯಸ್ಸಾದ ಮೇಲೆ ಕಷ್ಟದ ಪುಸ್ತಕ ಸುಲಭ ಆಗಲ್ಲ, ಕಷ್ಟ ಇರೋ ಜಾಗ ಬದಲಾಗುತ್ತೆ ಅಷ್ಟೇ. ಹಿಂದೆ ಬೋರ್ ಅಂತ ಬಿಟ್ಟಿದ್ದನ್ನ ಮೊದಲು ತೆಗೀರಿ, ಅರ್ಥ ಆಗಲ್ಲ ಅಂತ ಬಿಟ್ಟಿದ್ದನ್ನ ಆಮೇಲೆ ನೋಡ್ಕೊಳ್ಳಿ.

ಇದು ಬರೆಯೋರಿಗೂ ಆಗಿದೆ ನೋಡಿ. ಕುವೆಂಪು ಹುಟ್ಟಿದ್ದು 1904ರಲ್ಲಿ. ಕಾನೂರು ಹೆಗ್ಗಡಿತಿ ಬಂದಿದ್ದು 1936ರಲ್ಲಿ, ಆಗಿನ್ನೂ ಮೂವತ್ತು ದಾಟಿದ್ದರಷ್ಟೆ, ಅದರಲ್ಲಿ ಓದಿ ಬಂದ ಹೂವಯ್ಯ ಅಂತ ಒಬ್ಬ ಆದರ್ಶದ ಹುಡುಗ ಇದಾನೆ, ಓದೋ ಹುಡುಗರೆಲ್ಲ ತಾವೇ ಹೂವಯ್ಯ ಅಂದ್ಕೋತಾರೆ (ನಾನೂ). ಮದುಮಗಳು ಬಂದಿದ್ದು 1967ರಲ್ಲಿ, ಅರವತ್ತು ದಾಟಿದ ಮೇಲೆ, ಅದರಲ್ಲಿ ಹೀರೋನೇ ಇಲ್ಲ. ಜೀತದಾಳು, ಹೆಗ್ಗಡೆ, ನಾಯಿ, ಉಂಬಳ (ಕಾಡಿನ ಜಿಗಣೆ) ಎಲ್ಲದಕ್ಕೂ ಸಮ ಜಾಗ. ಎರಡರ ನಡುವೆ 31 ವರ್ಷ. ನಿಮಗೆ ಹೀರೋ ಬೇಕು ಅನ್ನಿಸೋ ತನಕ ಮೊದಲನೇದೇ ಓದಿ, ತಪ್ಪೇನಿಲ್ಲ. ತಾನೇ ಎಲ್ಲದರ ನಡುವೆ ಇಲ್ಲ ಅಂತ ಆಫೀಸು, ಮನೆ, ಮಕ್ಕಳು ಎಲ್ಲ ಸೇರಿ ಚೆನ್ನಾಗಿ ಹೇಳಿಕೊಟ್ಟ ಮೇಲೆ ಎರಡನೇದು ತಾನಾಗೇ ಬಾಗಿಲು ತೆಗೆಯುತ್ತೆ.

ದಪ್ಪದ್ದಕ್ಕೆ ಕೈ ಹಾಕೋ ಮುಂಚೆ ಒಂದು ಟೆಸ್ಟ್ ಮಾಡ್ಕೊಳ್ಳಿ. ಹಿಂದೆ ಓದಿ ಮುಗಿಸಿರೋ ಒಂದು ಸಣ್ಣ ಪುಸ್ತಕ ಮತ್ತೆ ಓದಿ. ನಾನು ಓದಿದ್ದು ಸಂಸ್ಕಾರ. 1965ರ ಪುಸ್ತಕ, ಅನಂತಮೂರ್ತಿ ಅದನ್ನ ಬರೆದಾಗ ಬರ್ಮಿಂಗ್‌ಹ್ಯಾಮಲ್ಲಿ ಓದ್ತಿದ್ರು, ಮೂವತ್ತು ಚಿಲ್ಲರೆ ವಯಸ್ಸು. ಕಾಲೇಜಲ್ಲಿ ನಮಗೆಲ್ಲ ಅದರಲ್ಲಿ ಕಂಡಿದ್ದು ಅಗ್ರಹಾರ, ದಂಗೆ, ನಾರಣಪ್ಪ, ಚಂದ್ರಿ. ಈ ಸಲ ಓದುವಾಗ ನನಗೆ ಮುಂದೆ ಹೋಗೋಕೆ ಆಗದೇ ನಿಂತಿದ್ದು ಪ್ರಾಣೇಶಾಚಾರ್ಯರು ಕಾಯಿಲೆ ಹೆಂಡತಿಗೆ ಸ್ನಾನ ಮಾಡಿಸೋ ಕಡೆ. ಅಪ್ಪನಿಗೆ ಎರಡು ವರ್ಷ ಅದನ್ನೆಲ್ಲ ಮಾಡಿದ್ದೆ ನಾನು, ಒದ್ದೆ ಟವೆಲ್ ಹಿಂಡೋ ಕೈಗೆ ಗೊತ್ತಿರೋ ವಿಷಯ ಅದು, ಸೇವೆ ಮಾಡ್ತಾ ಮಾಡ್ತಾ ನಾನು ಒಳ್ಳೇವನು ಅನ್ನೋ ಸಣ್ಣ ಹಮ್ಮು ಹೆಂಗೆ ಒಳಗೆ ಸೇರ್ಕೊಳುತ್ತೆ ಅನ್ನೋದೂ. ಇಪ್ಪತ್ತರಲ್ಲಿ ಆ ಹೆಂಡತಿ, ಭಾಗೀರಥಿ ಅನ್ನೋ ಪಾತ್ರ ಇದೆ ಅನ್ನೋದೇ ನೆನಪಿರಲಿಲ್ಲ ನನಗೆ. ನಿಮ್ಮ ಪುಸ್ತಕದಲ್ಲಿ ಈ ಸಲ ಎಲ್ಲಿ ನಿಲ್ಲಿಸ್ತೀರಿ ಗಮನಿಸಿ, ಮುಂದಿನ ಪುಸ್ತಕ ಯಾವುದು ಅಂತ ಆ ಜಾಗವೇ ಹೇಳುತ್ತೆ.

ಈಗ ದೇಹದ ವಿಷಯ. ನಾಚಿಕೆ ಬಿಟ್ಟು ಓದೋ ಕನ್ನಡಕ ಮಾಡಿಸಿ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗೋದು ಎಲ್ಲರಿಗೂ ಆಗುತ್ತೆ, ನಾನು ಒಂದು ವರ್ಷ ಪೂರ್ತಿ ನನಗೆ ಓದೋ ಆಸಕ್ತಿ ಹೋಯ್ತು ಅಂದ್ಕೊಂಡಿದ್ದೆ, ಹೋಗಿದ್ದು ಆಸಕ್ತಿ ಅಲ್ಲ, ಪ್ಲಸ್ 1.25! ಆಮೇಲೆ ಒಂದು ಹಾಳೆ. ಪದಗಳ ಪರಿಚಯ ಅರವತ್ತರ ತನಕಾನೂ ಬೆಳೀತಾನೇ ಇರುತ್ತೆ, ಆದ್ರೆ ಹತ್ತು ವಿಷಯ ಒಟ್ಟಿಗೆ ತಲೇಲಿ ಹಿಡ್ಕೊಳ್ಳೋ ಶಕ್ತಿ ಅದಕ್ಕೆ ಮುಂಚೆಯೇ ಇಳಿಯೋಕೆ ಶುರು ಆಗಿರುತ್ತೆ, ಹಾಗಾಗಿ ಮಾತು ಅರ್ಥ ಆಗುತ್ತೆ, ಇವನು ಯಾರ ಮಗ ಅನ್ನೋದು ಮರೆತುಹೋಗುತ್ತೆ. ಮದುಮಗಳಿಗೆ ನಾನು ಕ್ಯಾಲೆಂಡರ್ ಹಾಳೆ ಹಿಂದುಗಡೆ ಮನೆ ಪ್ರಕಾರ ಹೆಸರು ಬರೆದಿದ್ದೆ, ಯಾವ ಮನೆಗೆ ಯಾರು ಸೇರಿದೋರು ಅಂತ, ಬಾಣ ಹಾಕಿ. ಕ್ಲಾಸಿಗೆ ನೋಟ್ಸ್ ಮಾಡಿದಂಗೆ ಚಂದ ಮಾಡೋಕೆ ಹೋಗಬೇಡಿ, ಅಷ್ಟಕ್ಕೇ ಉತ್ಸಾಹ ಮುಗಿದುಹೋಗುತ್ತೆ. ಮದುಮಗಳನ್ನ ನಾಟಕ ಮಾಡಿದ್ರಲ್ಲ, ಮೈಸೂರು ರಂಗಾಯಣದವರು 2010ರಲ್ಲಿ, ರಾತ್ರಿ ಪೂರ್ತಿ, ಒಂಬತ್ತು ಗಂಟೆ, ಆ ಥರ ಪ್ರಯೋಗ ಎಲ್ಲಾದ್ರೂ ಮತ್ತೆ ಬಂದ್ರೆ ಹೋಗಿ, ಮುಖ ನೋಡಿದ ಮೇಲೆ ಹೆಸರು ಮರೆಯಲ್ಲ.

ಗೊತ್ತಿಲ್ಲದ ಮಾತು ಬಂದ್ರೆ ಮೊದಲು ಡಿಕ್ಷನರಿ ಅಲ್ಲ, ಮನೇಲಿರೋ ಹಿರಿಯರು. ನಮ್ಮಮ್ಮ ಏಳನೇ ಕ್ಲಾಸ್ ಓದಿರೋದು, ತೀರ್ಥಹಳ್ಳಿ ಕಡೆಯವರು, ಕಂಬಳಿಕೊಪ್ಪೆ ಅಂದ್ರೇನಮ್ಮ ಅಂತ ಕೇಳಿದ್ದಕ್ಕೆ ಎದ್ದು ಹೋಗಿ ಕಂಬಳಿ ತಲೆ ಮೇಲೆ ಹಾಕಿ ತೋರಿಸಿದ್ರು, ಆಮೇಲೆ ಪುಸ್ತಕಾನೇ ಕಿತ್ಕೊಂಡು ನನಗಿಂತ ಮುಂಚೆ ಮುಗಿಸಿದ್ರು. ನಾನು ಕಷ್ಟ ಅಂತಿದ್ದಿದ್ದು ಅವರಿಗೆ ತವರುಮನೆ ಮಾತು. ಅಂಥೋರು ಹತ್ತಿರ ಇಲ್ಲ ಅಂದ್ರೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಲೈಬ್ರರಿಲಿ ಸಿಗುತ್ತೆ, ಫೋನಲ್ಲಿ ಬೇಕು ಅಂದ್ರೆ ವಿ. ಕೃಷ್ಣ ಅವರ ಅಲರ್ ಅನ್ನೋ ಆನ್‌ಲೈನ್ ನಿಘಂಟು ಇದೆ, ಕನ್ನಡ ಇಂಗ್ಲಿಷ್, ದುಡ್ಡಿಲ್ಲ. ಆದ್ರೂ ಒಂದು ಪುಟಕ್ಕೆ ಎರಡು ಪದಕ್ಕಿಂತ ಹೆಚ್ಚು ನೋಡಬೇಡಿ. ಉಳಿದಿದ್ದು ಸಂದರ್ಭದಲ್ಲಿ ಗೊತ್ತಾಗುತ್ತೆ, ಗೊತ್ತಾಗದಿದ್ರೂ ಯಾರೂ ಪರೀಕ್ಷೆ ಮಾಡಲ್ಲ.

ಜೋರಾಗಿ ಓದಿ. ಇದು ಒಂದೇ ಮಾಡಿದ್ರೂ ಅರ್ಧ ಕೆಲಸ ಆಯ್ತು. ದೇವನೂರ ಮಹಾದೇವರ ಕುಸುಮಬಾಲೆ 1984ರದ್ದು, ಸಣ್ಣ ಪುಸ್ತಕ, ಕಣ್ಣಲ್ಲಿ ಓದಿದ್ರೆ ಆ ನಂಜನಗೂಡು ಕಡೆ ಮಾತು ಬೇಲಿ ಥರ ಅಡ್ಡ ನಿಲ್ಲುತ್ತೆ, ಬಾಯಲ್ಲಿ ಓದಿದ್ರೆ ಯಾರೋ ಅಜ್ಜಿ ಜಗಲಿ ಮೇಲೆ ಕೂತು ಹೇಳಿದಂಗೆ ಇರುತ್ತೆ. ರಾತ್ರಿ ದೀಪಗಳು, ಆ ಜೋತಮ್ಮಗಳು, ಕೂತು ಮಾತಾಡ್ಕೊಳ್ಳೋ ಕಡೆ ನನಗೆ ಗಂಟಲು ಕಟ್ಟಿತ್ತು, ಪಕ್ಕದ ರೂಮಿಂದ ಮಗಳು ಫೋನಲ್ಲಿ ಯಾರ ಜೊತೆ ಅಂತ ಕೇಳಿದಳು.

ಕುಮಾರವ್ಯಾಸನ ಭಾರತಕ್ಕೂ ಇದೇ. ಭಾಮಿನಿ ಷಟ್ಪದಿ ಅಂದ್ರೆ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ ಲೆಕ್ಕ, ಬೆರಳಲ್ಲಿ ಮೇಜು ತಟ್ಟಿ ಓದಿ, ಎಲ್ಲಿ ಪದ ಒಡೀಬೇಕು ಅಂತ ತಾಳವೇ ಹೇಳುತ್ತೆ. ಮೊದಲಿಂದ ಶುರು ಮಾಡಬೇಡಿ, 8000ಕ್ಕೂ ಮೇಲೆ ಪದ್ಯ ಇದೆ, ದಿನಕ್ಕೆ 10 ಅಂದ್ರೂ ಎರಡು ವರ್ಷ ದಾಟುತ್ತೆ, ಆದಿಪರ್ವದಲ್ಲೇ ಸುಸ್ತಾಗ್ತೀರಿ. ವಿರಾಟಪರ್ವದಿಂದ ಶುರು ಮಾಡಿ. ಮಳೆ ಬರದಿದ್ರೆ ಊರಲ್ಲಿ ಓದಿಸ್ತಿದ್ದಿದ್ದೂ ಅದನ್ನೇ. ಅಂತಃಪುರದಲ್ಲಿ ಪೌರುಷ ಕೊಚ್ಚಿಕೊಂಡು ಬಂದ ಉತ್ತರಕುಮಾರ ನಿಜವಾದ ಸೈನ್ಯ ನೋಡಿ ರಥದಿಂದ ಹಾರಿ ಓಡೋದು ಸ್ಕೂಲಲ್ಲಿ ಬರೀ ಕಾಮಿಡಿ ಆಗಿತ್ತು, ಈಗ ಮೀಟಿಂಗಲ್ಲಿ ದೊಡ್ಡದಾಗಿ ಒಪ್ಕೊಂಡು ಬಂದು ಡೆಡ್‌ಲೈನ್ ದಿನ ರಜೆ ಹಾಕಿದ್ದೆಲ್ಲ ನೆನಪಾಗಿ ನಗು ಅಷ್ಟು ಸಲೀಸಾಗಿ ಬರಲ್ಲ. ಓದೋಕೆ ಆಗಲೇ ಇಲ್ಲ ಅಂದ್ರೆ ಗಮಕ ಕೇಳಿ, ಒಬ್ಬರು ಹಾಡ್ತಾರೆ, ಇನ್ನೊಬ್ಬರು ಅರ್ಥ ಹೇಳ್ತಾರೆ, ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿ ಅವರಿಗೆ ಗಮಕಕ್ಕೇ 2022ರಲ್ಲಿ ಪದ್ಮಶ್ರೀ ಬಂದಿದ್ದು. ಮೊದಲು ಕೇಳಿ, ಅದೇ ದಿನ ಅದೇ ಪದ್ಯ ಓದಿ.

ಯಾವಾಗ ಬಿಡಬೇಕು? ಅಮೆರಿಕದ ಲೈಬ್ರೇರಿಯನ್ ನ್ಯಾನ್ಸಿ ಪರ್ಲ್ ಒಂದು ಲೆಕ್ಕ ಕೊಟ್ಟಿದಾರೆ, 50 ಪುಟ ಓದಿ, ಹಿಡಿಸದಿದ್ರೆ ಬಿಡಿ, ವಯಸ್ಸು 50 ದಾಟಿದ್ರೆ 100ರಲ್ಲಿ ನಿಮ್ಮ ವಯಸ್ಸು ಕಳೆದು ಬಂದಷ್ಟು ಪುಟ ಸಾಕು. ಅಂದ್ರೆ ಎಪ್ಪತ್ತಕ್ಕೆ 30 ಪುಟ. ಚೆನ್ನಾಗಿದೆ, ಆದ್ರೆ ಏಳುನೂರು ಪುಟದ ಕಾದಂಬರಿಗೆ ನನ್ನ ಪ್ರಕಾರ ಇದು ಆಗಲ್ಲ, ಕಾಡೊಳಗೆ ಕಣ್ಣು ಹೊಂದಿಕೊಳ್ಳೋಕೇ ನೂರು ಪುಟ ಬೇಕು. ಸಣ್ಣದಕ್ಕೆ ಅವರ ಲೆಕ್ಕ, ದಪ್ಪದ್ದಕ್ಕೆ ನಮ್ಮ ಲೆಕ್ಕ.

ಇನ್ನೊಂದು, ಕಳೆದುಹೋಗೋದೂ ಇರುತ್ತೆ, ಅದಕ್ಕೆ ರೆಡಿ ಇರಿ. ಅಡಿಗರ ಭೂಮಿಗೀತ ಮತ್ತೆ ತೆಗೆದೆ, ಆಗಿನ ಆ ಬೆಂಕಿ ಹತ್ತಲೇ ಇಲ್ಲ. ತಪ್ಪು ಪುಸ್ತಕದ್ದಲ್ಲ. ಹಾಗಂತ ವಯಸ್ಸಾಯ್ತಲ್ಲ ಅಂತ ಎಲ್ಲರೂ ಗಿಫ್ಟ್ ಕೊಡೋ ಮಂಕುತಿಮ್ಮನ ಕಗ್ಗಕ್ಕೆ ಓಡಬೇಕು ಅಂತಲೂ ಇಲ್ಲ, ನನಗೆ ಮೂರು ಪ್ರತಿ ಬಂದಿದೆ, ಡಿವಿಜಿ ಅವರದ್ದು ದಿನಕ್ಕೆ ಒಂದು ಪದ್ಯ ಓದೋ ಪುಸ್ತಕ, ಒಂದೇ ಏಟಿಗೆ ನಲವತ್ತು ಓದಿದ್ರೆ ಎಲ್ಲ ಒಂದೇ ಥರ ಕೇಳುತ್ತೆ.

ಟೈಮ್ ಬೆಳಿಗ್ಗೆ ಇಟ್ಕೊಳ್ಳಿ, ಇಪ್ಪತ್ತು ನಿಮಿಷ, ಫೋನು ಬೇರೆ ರೂಮಲ್ಲಿ. ರಾತ್ರಿ ಓದ್ತೀನಿ ಅನ್ನೋದೆಲ್ಲ ಹಾಸ್ಟೆಲ್ ಕಾಲಕ್ಕೆ ಮುಗೀತು, ಈಗ ಎರಡು ಪುಟಕ್ಕೆ ಪುಸ್ತಕ ಎದೆ ಮೇಲೆ. ಮದುಮಗಳ ಕೊನೇ ಭಾಗ ಅಂತೂ, ತುಂಗೆ ತುಂಬಿ ಹರೀತಿರುತ್ತೆ, ಗುತ್ತಿ ಜೊತೆ ಹುಲಿಯ ಅನ್ನೋ ನಾಯಿ ಇರುತ್ತೆ, ಅದನ್ನ ಭಾನುವಾರ ಬೆಳಿಗ್ಗೆಗೇ ಇಟ್ಕೊಳ್ಳಿ. ಮನೇಲಿ ನಾಯಿ ಸಾಕಿದ್ರೆ ಅದನ್ನ ಪಕ್ಕದಲ್ಲೇ ಕೂರಿಸ್ಕೊಳ್ಳಿ.