ಎಲ್ಲ ಕಚ್ಚಾ ತೈಲವೂ ಒಂದೇ ಅಲ್ಲ: ರಿಫೈನರಿಗೆ ಎಣ್ಣೆ ಆರಿಸಿ ತರುವುದು ಹೇಗೆ?

ಕಚ್ಚಾ ತೈಲದ ಬೆಲೆ ಏರಿತು, ಇಳಿಯಿತು ಎಂಬ ಸುದ್ದಿ ಓದುವಾಗ ಅದು ಎಲ್ಲೆಡೆ ಒಂದೇ ಬಗೆಯ ಸರಕು ಅನ್ನಿಸುತ್ತದೆ. ಆದರೆ ಒಂದು ಬಾವಿಯ ಎಣ್ಣೆ ನೀರಿನಂತೆ ಹರಿದರೆ, ಇನ್ನೊಂದರದು ಕಾಯಿಸದೆ ಜರುಗದ ಡಾಂಬರಿನ ಹಾಗಿರುತ್ತದೆ. ಹಾಗಾಗಿ ಒಂದು ಕಡೆಯ ಎಣ್ಣೆ ನಿಂತುಹೋದರೆ ಇನ್ನೊಂದು ಕಡೆಯದನ್ನು ತಂದು ಸುರಿದರಾಯಿತು ಎಂಬ ಲೆಕ್ಕ ಬಹಳ ಸಲ ಕೈಕೊಡುತ್ತದೆ.

ಮೊದಲು ತೂಕ ನೋಡಬೇಕು

ಉದ್ದನೆಯ ಗಾಜಿನ ಕೊಳವೆಗೆ ಎಣ್ಣೆ ತುಂಬಿ, ಅದರೊಳಗೆ ಹೈಡ್ರೋಮೀಟರ್ ಎಂಬ, ಗೆರೆ ಹಾಕಿದ ತೇಲುವ ಅಳತೆಗೋಲನ್ನು ಇಳಿಬಿಡುತ್ತಾರೆ. ಎಣ್ಣೆ ಹಗುರವಾಗಿದ್ದರೆ ಈ ಕೋಲು ಆಳಕ್ಕೆ ಮುಳುಗುತ್ತದೆ, ಎಣ್ಣೆ ಭಾರವಾಗಿದ್ದರೆ ಮೇಲೆಯೇ ತೇಲುತ್ತದೆ. ಎಣ್ಣೆಯ ಮಟ್ಟ ಮುಟ್ಟಿದ ಗೆರೆಯಲ್ಲಿ ಕಾಣುವ ಅಂಕಿಯೇ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಡಿಗ್ರಿ. ನೀರಿಗೆ ಇದು 10. ಸುಮಾರು 31ಕ್ಕಿಂತ ಹೆಚ್ಚಿದ್ದರೆ ಹಗುರ ಎಣ್ಣೆ, 22ಕ್ಕಿಂತ ಕಡಿಮೆಯಿದ್ದರೆ ಭಾರದ ಎಣ್ಣೆ. ಅಂಕಿ ಹೆಚ್ಚಿದಷ್ಟೂ ಎಣ್ಣೆ ಹಗುರ ಎಂಬುದನ್ನು ನೆನಪಿಡಿ, ಹೊಸಬರು ಎಡವುವುದು ಇಲ್ಲೇ. ಉತ್ತರ ಸಮುದ್ರದ ಬ್ರೆಂಟ್ ಸುಮಾರು 38 ಡಿಗ್ರಿ, ಮೆಕ್ಸಿಕೋದ ಮಾಯಾ 22ರ ಆಸುಪಾಸು.

ಆಮೇಲೆ ಗಂಧಕ

ಗಂಧಕ ಶೇ 0.5ಕ್ಕಿಂತ ಕಡಿಮೆಯಿದ್ದರೆ ‘ಸಿಹಿ’ ಎಣ್ಣೆ, ಹೆಚ್ಚಿದ್ದರೆ ‘ಹುಳಿ’. ತೂಕಕ್ಕೂ ಗಂಧಕಕ್ಕೂ ಗಂಟು ಹಾಕುವಂತಿಲ್ಲ. ಸೌದಿಯ ಅರಬ್ ಲೈಟ್ ಹೆಸರಿಗೆ ತಕ್ಕಂತೆ ಹಗುರವೇ, ಆದರೂ ಹುಳಿ. ಈ ಗಂಧಕವನ್ನು ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ತೆಗೆಯಬೇಕು, ಅದಕ್ಕೆ ಬೇರೆಯೇ ಘಟಕ ಬೇಕು. 2020ರಿಂದ ಹಡಗುಗಳ ಇಂಧನದಲ್ಲೂ ಗಂಧಕದ ಮಿತಿಯನ್ನು ಶೇ 3.5ರಿಂದ 0.5ಕ್ಕೆ ಇಳಿಸಿದ್ದಾರೆ. ಹಾಗಾಗಿ ಹುಳಿ ಎಣ್ಣೆಯ ಉಳಿಕೆಯನ್ನು ಹಡಗಿಗೆ ಮಾರಿ ಕೈತೊಳೆದುಕೊಳ್ಳುವುದು ಈಗ ಮೊದಲಿನಷ್ಟು ಸುಲಭವಲ್ಲ.

ನಿಮ್ಮ ರಿಫೈನರಿಗೆ ಯಾವುದು ಒಗ್ಗುತ್ತದೆ?

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದು. ಎಣ್ಣೆಯಲ್ಲಿನ ಉಪ್ಪು ತೊಳೆದು, ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬಟ್ಟಿ ಇಳಿಸುವ ಗೋಪುರಕ್ಕೆ ಬಿಟ್ಟರೆ ಗ್ಯಾಸ್, ನಾಫ್ತಾ (ಪೆಟ್ರೋಲಿನಂಥ ಹಗುರ ದ್ರವ) ಮೇಲಕ್ಕೆ ಹೋಗುತ್ತವೆ, ಸೀಮೆಎಣ್ಣೆ, ಡೀಸೆಲ್ ನಡುವೆ ಸಿಗುತ್ತವೆ, ಕಪ್ಪು ಗಷ್ಟು ತಳದಲ್ಲಿ ಉಳಿಯುತ್ತದೆ. ಭಾರದ ಎಣ್ಣೆಯಲ್ಲಿ ಈ ಗಷ್ಟೇ ಜಾಸ್ತಿ. ಅದನ್ನು ಒಡೆದು ಇಂಧನ ಮಾಡಲು ಕೋಕರ್ ಎಂಬ ದುಬಾರಿ ಘಟಕ ಬೇಕು. ಅದಕ್ಕೆ ದುಡ್ಡು ಸುರಿದವರು ಅಗ್ಗದ ಭಾರದ ಎಣ್ಣೆಯನ್ನೇ ಹುಡುಕುತ್ತಾರೆ. ಅಂಥ ಕಡೆ ಬರೀ ಹಗುರ ಎಣ್ಣೆ ಹಾಕಿದರೆ ಗೋಪುರದ ಮೇಲ್ಭಾಗಕ್ಕೆ ತಾಳಲಾರದಷ್ಟು ಹೊರೆ, ಕೆಳಗೆ ಕೋಕರ್‌ಗೆ ಕೆಲಸವಿಲ್ಲ. ಅಮೆರಿಕದ ಗಲ್ಫ್ ಕರಾವಳಿಯ ಹಲವು ರಿಫೈನರಿಗಳನ್ನು ವೆನೆಜುವೆಲಾ, ಮೆಕ್ಸಿಕೋ, ಕೆನಡಾದಂಥ ದೇಶಗಳ ಭಾರದ ಎಣ್ಣೆಗೆಂದೇ ಸಜ್ಜು ಮಾಡಲಾಗಿದೆ. ಶೇಲ್ ಎಂಬ ಕಲ್ಲಿನ ಪದರಕ್ಕೆ ಕೊರೆದ ಬಾವಿಗಳಿಂದ ಹಗುರ ಎಣ್ಣೆ ಉಕ್ಕಿದರೂ ಆ ದೇಶ ಒಂದು ಕೈಯಲ್ಲಿ ಮಾರುತ್ತಾ ಇನ್ನೊಂದು ಕೈಯಲ್ಲಿ ಕೊಳ್ಳುತ್ತಿರುವುದಕ್ಕೆ ಇದು ದೊಡ್ಡ ಕಾರಣ. ಬೇಕಾದ ಹದ ಒಂದೇ ಎಣ್ಣೆಯಲ್ಲಿ ಸಿಗದಿದ್ದರೆ ಎರಡು ಮೂರು ಬಗೆಯವನ್ನು ಬೆರೆಸುತ್ತಾರೆ.

ಕೊನೆಗೆ ಸಾಗಾಟ

ದೂರದಿಂದ ತರಲು ಹಡಗೇ ಅಗ್ಗ. ವಿಎಲ್‌ಸಿಸಿ ಎಂಬ ಭಾರೀ ಟ್ಯಾಂಕರಿನಲ್ಲಿ ಸುಮಾರು 20 ಲಕ್ಷ ಬ್ಯಾರೆಲ್ ಹಿಡಿಯುತ್ತದೆ (ಒಂದು ಬ್ಯಾರೆಲ್ ಎಂದರೆ 159 ಲೀಟರ್). ತುಂಬಿದ ಹಡಗು 20 ಮೀಟರಿಗೂ ಆಳಕ್ಕೆ ಮುಳುಗಿರುವುದರಿಂದ ಎಷ್ಟೋ ಬಂದರುಗಳ ಒಳಗೆ ಬರಲಾರದು. ಆಗ ಕರಾವಳಿಯಿಂದ ದೂರದ ತೇಲುಗಟ್ಟೆಗೆ ಹಡಗು ಕಟ್ಟಿ, ಸಮುದ್ರದಡಿಯ ಕೊಳವೆಯಲ್ಲಿ ಎಣ್ಣೆ ಇಳಿಸುತ್ತಾರೆ.

ನೆಲದ ಮೇಲೆ ಪೈಪ್‌ಲೈನ್. ಎಣ್ಣೆ ಅದರಲ್ಲಿ ಹೆಚ್ಚುಕಡಿಮೆ ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತದೆ. ಒಂದೇ ಕೊಳವೆಯಲ್ಲಿ ಬೇರೆ ಬೇರೆ ಬಗೆಯ ಎಣ್ಣೆ ಒಂದರ ಬೆನ್ನಿಗೊಂದು ಸಾಗುವುದೂ ಉಂಟು. ಒಳಗೋಡೆಗೆ ಕಟ್ಟಿದ ಮೇಣವನ್ನು ‘ಪಿಗ್’ ಎಂಬ ಸಾಧನ ಕೆರೆಯುತ್ತಾ ಹೋಗುತ್ತದೆ. ಕೆನಡಾದ ಬಿಟುಮೆನ್‌ಗೆ, ಅಂದರೆ ಡಾಂಬರಿನಂಥ ಗಟ್ಟಿ ಎಣ್ಣೆಗೆ, ಕಂಡೆನ್ಸೇಟ್‌ನಂಥ ಬಹಳ ತೆಳುವಾದ ಎಣ್ಣೆ ಬೆರೆಸದಿದ್ದರೆ ಅದು ಕೊಳವೆಯಲ್ಲಿ ಹರಿಯುವುದೇ ಇಲ್ಲ.

ಪೈಪ್‌ಲೈನ್ ಇಲ್ಲದ ಕಡೆ ರೈಲು. ಇಲ್ಲಿ ಎಣ್ಣೆಯ ಗುಣ ಜೀವದ ಪ್ರಶ್ನೆಯಾಗುತ್ತದೆ. 2013ರ ಜುಲೈನಲ್ಲಿ ಕೆನಡಾದ ಲಾಕ್-ಮೆಗಾಂಟಿಕ್ ಪಟ್ಟಣದಲ್ಲಿ ಹಳಿ ತಪ್ಪಿದ ರೈಲಿನಲ್ಲಿದ್ದುದು ಬೇಗ ಹೊತ್ತಿಕೊಳ್ಳುವ ಹಗುರ ಎಣ್ಣೆ. 47 ಜನ ಸತ್ತರು. ಅದರ ಸರಕು ಕಾಗದಗಳಲ್ಲಿ ಎಣ್ಣೆಯ ಅಪಾಯವನ್ನು ಇದ್ದುದಕ್ಕಿಂತ ಕಡಿಮೆಯ ದರ್ಜೆಯದೆಂದು ನಮೂದಿಸಿದ್ದರು ಎಂಬುದು ತನಿಖೆಯಲ್ಲಿ ಗೊತ್ತಾಯಿತು.