ಕ್ಯೋಟೋಗೆ ಹೋಗುವವರಿಗೆ: ಕಣಿವೆ ರೈಲಿನ ಬಗ್ಗೆ ಒಂದು ಮಾತು

ಸಾವಿರಕ್ಕೂ ಹೆಚ್ಚು ವರ್ಷ ಜಪಾನಿನ ರಾಜಧಾನಿಯಾಗಿದ್ದ ಕ್ಯೋಟೋವನ್ನೂ ಸಾಗಾನೋ ಕಣಿವೆ ರೈಲನ್ನೂ ಒಂದೇ ದಿನದಲ್ಲಿ ತೋರಿಸುವ ಗೈಡ್ ಪ್ರವಾಸ ಕಾಯ್ದಿರಿಸುವ ಮೊದಲು, ರೈಲು ಹೋಗುವಾಗ ಮಾತ್ರವೋ, ಬರುವಾಗಲೂ ಇದೆಯೋ ಕೇಳಿ. ಹೋಗುವಾಗ ಮಾತ್ರವಾದರೆ ಒಳ್ಳೆಯದೇ. ಹೊಜು ನದಿಯ ಪಕ್ಕದ 7.3 ಕಿ.ಮೀ. ಹಾದಿ ಸುಮಾರು 25 ನಿಮಿಷದಲ್ಲಿ ಮುಗಿಯುತ್ತದೆ. ರೈಲಿನ ಕೊನೆಯ ನಿಲ್ದಾಣವಿರುವ ಕಮೆಓಕಾದಿಂದ ಕ್ಯೋಟೋದ ಅರಾಶಿಯಾಮಕ್ಕೆ ದೋಣಿಯಲ್ಲಿ ಮರಳುವುದು ಮೇಲು. ಸುಮಾರು ಎರಡು ಗಂಟೆ ಹಿಡಿಯುತ್ತದೆ, ಬಟ್ಟೆಯೂ ತುಸು ನೆನೆಯಬಹುದು. ರೈಲಿನ ಐದನೆಯ ಬೋಗಿಗೆ ಕಿಟಕಿಯ ಗಾಜೇ ಇಲ್ಲ. ನವೆಂಬರಿನ ಕೆಂಪೆಲೆಗಳ ಕಾಲದಲ್ಲಿ ಸ್ವೆಟರ್ ಬೇಕೇ ಬೇಕು. ಬುಧವಾರ ಮತ್ತು ಜನವರಿ-ಫೆಬ್ರವರಿಯಲ್ಲಿ ಸಾಮಾನ್ಯವಾಗಿ ರೈಲು ಓಡುವುದಿಲ್ಲ. ಸಸ್ಯಾಹಾರಿಗಳೇ, ಅಲ್ಲಿ ತರಕಾರಿ ಸಾರಿನಲ್ಲೂ ಮೀನಿನ ರಸ ಇರಬಹುದು. ತೆನ್ರ್ಯೂಜಿ ದೇವಾಲಯದ ಆವರಣದ ಊಟವನ್ನು ನಂಬಬಹುದು.